ಅಮೆರಿಕದ ಕುದುರೆ ಜ್ವರ, 1872

ನಮ್ಮ ಸಂಘದ ಚಳಿಗಾಲದ ಕೂಟಗಳಲ್ಲಿ ಊಟ ಮುಗಿದು ಎಲೆಯಡಿಕೆಯ ಹೊತ್ತಿಗೆ (ಇಲ್ಲಿ ಎಲೆ ಎಲ್ಲಿ ಬಂತು, ಬರೀ ಅಡಿಕೆ) ಮಾತು ಕಾರುಗಳ ಕಡೆಗೆ ಹೊರಳುವುದು ವಾಡಿಕೆ. ಹಿಮ ಬಿದ್ದ ಬೆಳಿಗ್ಗೆ ಯಾರ ಕಾರು ಕೆಮ್ಮಿ ಕೆಮ್ಮಿ ನಿಂತಿತು, ಯಾರು ನೆರೆಯವರ ಬ್ಯಾಟರಿಯಿಂದ ಜೀವ ತುಂಬಿಸಿಕೊಂಡರು, ಇವೇ ಕಥೆಗಳು. ಕಳೆದ ಸಲ ಮಗನ ಮನೆಗೆಂದು ಊರಿನಿಂದ ಬಂದಿದ್ದ ಹಿರಿಯರೊಬ್ಬರು ಇದನ್ನೆಲ್ಲ ಕೇಳಿ, "ಅಲ್ಲಪ್ಪ, ಈ ಕಾರು ಬರುವ ಮುಂಚೆ ಈ ಜನ ಏನು ಮಾಡುತ್ತಿದ್ದರು?" ಎಂದರು. "ಕುದುರೆ ಇತ್ತಲ್ಲ ರಾಯರೆ" ಎಂದು ಯಾರೋ ಉತ್ತರ ಕೊಟ್ಟರು. "ಕುದುರೆಗೂ ನೆಗಡಿ ಹಿಡಿದರೆ?" ಎಂದರು ಅವರು. ಎಲ್ಲರೂ ನಕ್ಕೆವು.

ನಗುವ ಮಾತಾದರೂ ಅದು ನಿಜವಾಗಿ ನಡೆದದ್ದು. 1872ರ ಶರತ್ಕಾಲದಿಂದ 1873ರ ವಸಂತದವರೆಗೆ ಈ ಉತ್ತರ ಅಮೆರಿಕ ಖಂಡದ ಕುದುರೆಗಳಿಗೆಲ್ಲ, ಬಹುಮಟ್ಟಿಗೆ ಒಂದನ್ನೂ ಬಿಡದಂತೆ, ನೆಗಡಿ ಹಿಡಿಯಿತು. ಆ ಕಥೆಯನ್ನು ಅಂದು ಅರ್ಧಂಬರ್ಧ ಹೇಳಿದೆವು. ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ರೈಲು ಬಂದ ಮೇಲೆ ಕುದುರೆಯ ಕೆಲಸ ಕಡಿಮೆಯಾಗಿರಬೇಕು ಎಂದು ನಾವೂ ಭಾವಿಸಿದ್ದೆವು. ಆದದ್ದು ಅದಕ್ಕೆ ತದ್ವಿರುದ್ಧ. ರೈಲು ತಂದು ಸುರಿದ ಸರಕನ್ನು ನಿಲ್ದಾಣದಿಂದ ಅಂಗಡಿಗೆ, ಮನೆಗೆ, ಕಾರ್ಖಾನೆಗೆ ಒಯ್ಯುವವರು ಯಾರು? ಕುದುರೆಯೇ. ರೈಲು ಹೆಚ್ಚಿದಷ್ಟೂ ಊರೊಳಗಿನ ಕುದುರೆಗಳು ಹೆಚ್ಚಿದವು. 1870ರ ಜನಗಣತಿಯ ಪ್ರಕಾರ ಸಂಯುಕ್ತ ಸಂಸ್ಥಾನದ ಹೊಲಮನೆಗಳಲ್ಲಿಯೇ 70 ಲಕ್ಷಕ್ಕೂ ಮೀರಿ ಕುದುರೆಗಳಿದ್ದವು, ಪಟ್ಟಣದ ಲಾಯಗಳದ್ದು ಬೇರೆ ಲೆಕ್ಕ. ಹಳಿಯ ಮೇಲೆ ಓಡುವ ಟ್ರಾಮು, ಹಾಲಿನ ಗಾಡಿ, ಕಲ್ಲಿದ್ದಲ ಗಾಡಿ, ವೈದ್ಯರ ಸಾರೋಟು, ಹೆಣ ಒಯ್ಯುವ ಗಾಡಿ, ಬೆಂಕಿ ಆರಿಸುವ ಎಂಜಿನ್ನು, ಇವಕ್ಕೆಲ್ಲ ಕುದುರೆಯೇ ಬೇಕು. ಲಾಯಗಳೋ ಕಿಕ್ಕಿರಿದವು, ಒಂದರ ಉಸಿರು ಇನ್ನೊಂದರ ಮೂತಿಗೆ ತಾಗುವಂಥವು.

ರೋಗ ಮೊದಲು ಕಂಡದ್ದು ಕೆನಡಾದಲ್ಲಿ, ಟೊರಾಂಟೊ ನಗರದ ಉತ್ತರಕ್ಕಿರುವ ಹಳ್ಳಿಗಳಲ್ಲಿ, 1872ರ ಸೆಪ್ಟೆಂಬರ್ ಕೊನೆಯ ವೇಳೆಗೆ. ಅಕ್ಟೋಬರ್ ಮೊದಲ ಭಾಗದಲ್ಲಿ ಅದು ಟೊರಾಂಟೊದ ಲಾಯಗಳಿಗೆ ಬಂತು. ಅದೇ ತಿಂಗಳು ಗಡಿ ದಾಟಿ ನ್ಯೂಯಾರ್ಕ್ ರಾಜ್ಯವನ್ನು ಹೊಕ್ಕು, ತಿಂಗಳು ಮುಗಿಯುವುದರೊಳಗೆ ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್‌ಟನ್ ನಗರಗಳನ್ನು ಮುಟ್ಟಿತು. ವರ್ಷದ ಕೊನೆಗೆ ದಕ್ಷಿಣದ ರಾಜ್ಯಗಳನ್ನೂ ಕ್ಯೂಬಾ ದ್ವೀಪವನ್ನೂ ಸೇರಿತ್ತು. ಮರುವರ್ಷದ ವಸಂತದಲ್ಲಿ ಸಾನ್ ಫ್ರಾನ್ಸಿಸ್ಕೊ. ಈ ಕಡಲಿನಿಂದ ಆ ಕಡಲಿಗೆ ಆರೇಳು ತಿಂಗಳು.

ಲಕ್ಷಣಗಳು ನಮ್ಮ ಫ್ಲೂ ಜ್ವರದಂತೆಯೇ. ಮೊದಲು ಮಂಕು, ಮೇವು ಬಿಡುವುದು, ಜ್ವರ. ಆಮೇಲೆ ಒಣಕೆಮ್ಮು, ಮೂಗಿನಿಂದ ಸುರಿತ, ಕಾಲುಗಳಲ್ಲಿ ತ್ರಾಣವಿಲ್ಲದಿರುವುದು. ಲಾಯದಲ್ಲಿ ಒಂದಕ್ಕೆ ಬಂದರೆ ಎರಡು ಮೂರು ದಿನಗಳಲ್ಲಿ ಎಲ್ಲಕ್ಕೂ. ಪಶುವೈದ್ಯರು ಇದನ್ನು ಎಪಿಜೂಟಿಕ್ ಎಂದು ಕರೆದರು. ಪ್ರಾಣಿಗಳಲ್ಲಿ ಹರಡುವ ಪಿಡುಗಿಗೆಲ್ಲ ಅದೇ ಹೆಸರು. ಜನರ ಬಾಯಲ್ಲಿ ಅದು 'ಎಪಿಜೂಟಿ' ಆಯಿತು. ಅಷ್ಟೇ ಅಲ್ಲ, ಮನುಷ್ಯರಿಗೆ ನೆಗಡಿಯಾದರೂ 'ನನಗೂ ಎಪಿಜೂಟಿ' ಎನ್ನುವ ರೂಢಿ ಬಹುಕಾಲ ಉಳಿಯಿತಂತೆ.

ಅಕ್ಟೋಬರ್ ಕೊನೆಯ ವಾರದಲ್ಲಿ ಪೂರ್ವ ಕರಾವಳಿಯ ನಗರಗಳ ಸ್ಥಿತಿ ಹೇಗಿತ್ತೆಂದರೆ, ರೈಲು ಓಡುತ್ತಿತ್ತು, ಹಡಗು ಬರುತ್ತಿತ್ತು, ಆದರೆ ಸಾಮಾನು ನಿಲ್ದಾಣದಲ್ಲಿಯೂ ಬಂದರಿನಲ್ಲಿಯೂ ರಾಶಿ ಬಿದ್ದು ಕೊಳೆಯುತ್ತಿತ್ತು. ಕೊನೆಯ ಒಂದೆರಡು ಮೈಲಿ ದಾಟಿಸುವವರಿಲ್ಲ. ಚಳಿ ಹತ್ತಿರವಾಗುತ್ತಿದ್ದಾಗ ಕಲ್ಲಿದ್ದಲು ಮನೆಗೆ ಬರದೆ ಹೋಯಿತು. ಎರಿ ಕಾಲುವೆಯ ದಂಡೆಯಲ್ಲಿ ನಡೆದು ದೋಣಿಗಳನ್ನು ಎಳೆಯುತ್ತಿದ್ದ ಪ್ರಾಣಿಗಳೂ ಮಲಗಿದ್ದರಿಂದ ಅಲ್ಲಿಯೂ ಸಂಚಾರ ಕಟ್ಟಿಹೋಯಿತು. ಟ್ರಾಮಿನ ಕಂಪೆನಿಗಳು ಗಾಡಿಗಳನ್ನು ಒಳಗೆ ಎಳೆದಿಟ್ಟವು. ಕೂಲಿಯವರು ಗುಂಪು ಕಟ್ಟಿಕೊಂಡು ತಾವೇ ಗಾಡಿಯ ಮೂಕಿಗೆ ಹೆಗಲು ಕೊಟ್ಟರು. ಹಳ್ಳಿಗಳಿಂದ ಎತ್ತುಗಳನ್ನು ತರಿಸಿದರು. ನ್ಯೂಯಾರ್ಕಿನ ಬ್ರಾಡ್‌ವೇಯಂಥ ಬೀದಿಗಳಲ್ಲಿ ಎತ್ತಿನ ಜೋಡಿಗಳು ಸಾವಕಾಶವಾಗಿ ನಡೆದುಹೋಗುವುದನ್ನು ಜನ ನಿಂತು ನೋಡಿದರು. ನಮಗೆ ಓದುವಾಗ ಒಂದು ಬಗೆಯ ಹೆಮ್ಮೆಯೇ ಆಯಿತೆಂದರೆ ಓದುಗರು ಕ್ಷಮಿಸಬೇಕು. ಕುದುರೆ ಸೋತಾಗ ಕೈಹಿಡಿದದ್ದು ನಮ್ಮ ಬಸವಣ್ಣನ ಕುಲವೇ ತಾನೆ!

ಆದರೆ ಎಲ್ಲ ಕುದುರೆಗಳಿಗೂ ವಿಶ್ರಾಂತಿ ಸಿಗಲಿಲ್ಲ. ದಿನದ ದುಡಿಮೆಯಿಂದ ಬದುಕುವ ಗಾಡಿಯವನಿಗೆ ಕುದುರೆ ನಿಂತರೆ ಒಲೆಯೂ ನಿಲ್ಲುತ್ತದೆ. ಅವನು ಕೆಮ್ಮುವ ಕುದುರೆಯನ್ನೇ ಕಟ್ಟಿ ಹೊರಟ. ಅವನನ್ನು ದೂರುವುದು ಕಷ್ಟ. ದೊಡ್ಡ ಟ್ರಾಮು ಕಂಪೆನಿಗಳು ಮಾಡಿದ್ದಕ್ಕೆ ಆ ವಿನಾಯಿತಿ ಇಲ್ಲ. ಪ್ರಾಣಿ ಹಿಂಸೆಯನ್ನು ತಡೆಯುವ ಸಂಘವನ್ನು 1866ರಲ್ಲಿ ಸ್ಥಾಪಿಸಿದ್ದ ಹೆನ್ರಿ ಬರ್ಗ್ ಎಂಬ ಮಹನೀಯರು ನ್ಯೂಯಾರ್ಕಿನ ಬೀದಿಯಲ್ಲಿಯೇ ನಿಂತು, ರೋಗಿ ಕುದುರೆ ಕಟ್ಟಿದ ಟ್ರಾಮುಗಳನ್ನು ತಡೆದು ಹಿಂದಕ್ಕೆ ಕಳುಹಿಸಿದರು. ಪ್ರಯಾಣಿಕರು ಬೈದರು. ಬರ್ಗ್ ಕದಲಲಿಲ್ಲ.

ಇನ್ನು ಬಾಸ್ಟನ್ನಿನ ಬೆಂಕಿ. ಈ ಪಿಡುಗಿನ ವಿಷಯ ಬಂದಾಗಲೆಲ್ಲ ಈ ಬೆಂಕಿಯ ಮಾತು ಬಂದೇ ಬರುತ್ತದೆ. 1872ರ ನವೆಂಬರ್ 9, ಶನಿವಾರ, ಸಂಜೆ ಏಳು ದಾಟಿದ ಮೇಲೆ ಸಮ್ಮರ್ ಸ್ಟ್ರೀಟ್ ಮತ್ತು ಕಿಂಗ್‌ಸ್ಟನ್ ಸ್ಟ್ರೀಟ್ ಕೂಡುವಲ್ಲಿದ್ದ ಒಂದು ಸಗಟು ಮಳಿಗೆಯ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿತು. ಮರುದಿನ ಆರುವಷ್ಟರಲ್ಲಿ ಸುಮಾರು 65 ಎಕರೆ ಜಾಗದಲ್ಲಿ 776 ಕಟ್ಟಡಗಳು ಹೋಗಿದ್ದವು, ಕನಿಷ್ಠ 13 ಜನ ಸತ್ತಿದ್ದರು, 7 ಕೋಟಿ ಡಾಲರಿಗೂ ಮೀರಿ ನಷ್ಟವಾಗಿತ್ತು. ಅಗ್ನಿಶಾಮಕ ದಳದ ಕುದುರೆಗಳು ಕಾಯಿಲೆ ಬಿದ್ದಿದ್ದರಿಂದ ಆ ರಾತ್ರಿ ಉಗಿಯ ಎಂಜಿನ್ನುಗಳನ್ನು ಆಳುಗಳು ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಇದು ನಿಜ. ಹಾಗಾಗಿ 'ಕುದುರೆ ಕೆಮ್ಮಿ ಬಾಸ್ಟನ್ ಸುಟ್ಟಿತು' ಎಂಬ ಕಥೆ ಹುಟ್ಟಿತು.

ನಮಗೆ ಈ ಕಥೆ ಒಪ್ಪಿಗೆಯಾಗಲಿಲ್ಲ. ದಳದ ಮುಖ್ಯಾಧಿಕಾರಿ ಜಾನ್ ಡ್ಯಾಮ್ರೆಲ್ ಕುದುರೆಗಳು ಬಿದ್ದದ್ದನ್ನು ನೋಡಿ, ಬೆಂಕಿಗೆ ಮುಂಚೆಯೇ ಹೆಚ್ಚಿನ ಆಳುಗಳನ್ನು ನೇಮಿಸಿಕೊಂಡಿದ್ದರು. ಆಮೇಲೆ ಕುಳಿತ ತನಿಖಾ ಮಂಡಳಿ ಕೂಡ, ಕುದುರೆ ಇಲ್ಲದ್ದರಿಂದ ಆದ ತಡ ಕೆಲವೇ ನಿಮಿಷಗಳದ್ದು ಎಂದು ಕಂಡುಕೊಂಡಿತು. ಬೆಂಕಿಯನ್ನು ಬೆಳೆಸಿದ್ದು ಬೇರೆಯ ಸಂಗತಿಗಳು. ಬೀದಿ ಕಿರಿದು, ಕಟ್ಟಡ ಎತ್ತರ, ಮೇಲೆ ಮರದ ಮಾಡು. ನೆಲದಡಿಯ ನೀರಿನ ಕೊಳವೆಗಳು ಹಳೆಯವು ಮತ್ತು ಸಣ್ಣವು, ನೀರಿಗೆ ಒತ್ತಡವೇ ಇಲ್ಲ. ಎಚ್ಚರಿಕೆಯ ಗಂಟೆಯ ಪೆಟ್ಟಿಗೆಗಳಿಗೆ ಬೀಗ. ಹಿಂದಿನ ವರ್ಷ ಷಿಕಾಗೊ ಸುಟ್ಟಾಗ ಡ್ಯಾಮ್ರೆಲ್ ಅಲ್ಲಿಗೇ ಹೋಗಿ ನೋಡಿ ಬಂದು, ನಮ್ಮ ಊರಿಗೂ ಇದೇ ಗತಿ, ಕೊಳವೆ ಬದಲಿಸಿ ಎಂದು ಹೇಳಿದ್ದರು. ಕೊಳವೆ ಬದಲಿಸದವರಿಗೆ ಕುದುರೆಯ ಮೇಲೆ ಹೊರಿಸುವುದು ಅನುಕೂಲವೇ ಅಲ್ಲವೆ? ಅದಕ್ಕೆ ಸಾಕ್ಷಿ ಹೇಳಲು ಬಾಯಿಲ್ಲ.

ಸಾವಿನ ಲೆಕ್ಕ ನೋಡಿದರೆ ಈ ರೋಗ ಅಂಥ ಮಾರಿಯೇನಲ್ಲ. ಬಹುಪಾಲು ಕಡೆ ನೂರಕ್ಕೆ ಒಂದೆರಡು, ಕೆಲವು ಊರುಗಳಲ್ಲಿ ಹತ್ತರವರೆಗೆ. ಈ ಅಂತರ ಎಲ್ಲಿಂದ ಬಂತು ಎಂಬುದನ್ನು ಆಗಿನ ಪಶುವೈದ್ಯರು ಚೆನ್ನಾಗಿ ಅರಿತಿದ್ದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1868ರಿಂದ ಪಶುವೈದ್ಯ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಲಾ ಅವರು ಸರ್ಕಾರದ ಕೃಷಿ ಇಲಾಖೆಗೆ ಈ ಪಿಡುಗಿನ ಬಗ್ಗೆ ದೀರ್ಘ ವರದಿ ಬರೆದರು. ಬೆಚ್ಚಗಿನ, ಗಾಳಿಯಾಡುವ ಲಾಯ, ಮೈಗೆ ಕಂಬಳಿ, ಬಿಸಿನೀರಿನಲ್ಲಿ ಕಲಸಿದ ಬೂಸ, ಎಲ್ಲಕ್ಕಿಂತ ಮಿಗಿಲಾಗಿ ವಿಶ್ರಾಂತಿ, ಇದೇ ಆ ಕಾಲದ ಬಲ್ಲವರ ಚಿಕಿತ್ಸೆ. ಇಂದಿನ ವೈದ್ಯರೂ ಇದಕ್ಕಿಂತ ಬಹಳ ಬೇರೆಯದನ್ನು ಹೇಳುವುದಿಲ್ಲ. ಹೀಗೆ ಎರಡು ವಾರ ಬಿಟ್ಟ ಕುದುರೆ ಏಳುತ್ತಿತ್ತು. ಜ್ವರ ಇಳಿಯಿತೆಂದು ಮೂರನೆಯ ದಿನವೇ ಹೂಡಿದ ಕುದುರೆಗೆ ನ್ಯುಮೋನಿಯ ಆಗಿ ಬೀದಿಯಲ್ಲಿ ಬೀಳುತ್ತಿತ್ತು.

ಈ ಭಾಗವನ್ನು ಓದುವಾಗ ನಮಗೆ ನಮ್ಮ ಮನೆಯ ಒಂದು ಜೋಡಿ ಎತ್ತುಗಳ ನೆನಪು ಬಂತು. ಒಂದು ವರ್ಷ ಮುಂಗಾರು ಹಿಡಿದ ಹೊತ್ತಿಗೇ ಊರಿಗೆ ಕಾಲುಬಾಯಿ ಜ್ವರ ಬಂತು. ಗೊರಸಿನ ಸಂದಿನಲ್ಲಿ ಹುಣ್ಣು, ಬಾಯಲ್ಲಿ ಜೊಲ್ಲು. ಹದ ಮೀರಿದರೆ ಬಿತ್ತನೆ ಇಲ್ಲ ಎಂದು, ಹುಣ್ಣು ಮಾಯುತ್ತಲೇ ನಮ್ಮ ತಂದೆಯವರು ಎತ್ತು ಹೂಡಿದರು. ನೊಗ ಹಿಡಿದು ಕೊಟ್ಟವರು ನಾವೇ. ಬಿತ್ತನೆ ಮುಗಿಯಿತು. ಎಡಗೋಲಿನ ಎತ್ತಿಗೆ ಅಂದಿನಿಂದ ಮೇಲುಸಿರು ಹತ್ತಿತು. ಬಿಸಿಲಿಗೆ ನಾಲ್ಕು ಹೆಜ್ಜೆ ನಡೆದರೆ ನಾಲಗೆ ಚಾಚಿ ನಿಲ್ಲುತ್ತಿತ್ತು. ಆ ರೋಗ ಬಂದುಹೋದ ದನಗಳಲ್ಲಿ ಕೆಲವಕ್ಕೆ ಹೀಗೆ ಉಸಿರು ಕೆಡುವುದುಂಟು ಎಂದು ಆಮೇಲೆ ಓದಿ ತಿಳಿದೆವು. ಆಗ ತಿಳಿದಿರಲಿಲ್ಲ. ತಿಳಿದಿದ್ದರೂ ಹದ ಕಾಯುತ್ತಿತ್ತೆ? ಆ ಎತ್ತನ್ನು ಮತ್ತೆ ನೊಗಕ್ಕೆ ಕಟ್ಟಲಿಲ್ಲ. ಸಂತೆಗೆ ಹೊಡೆಯೋಣವೆಂದು ಯಾರು ಹೇಳಿದರೂ ನಮ್ಮ ತಂದೆಯವರು ಕೇಳದೆ, ಅದು ಸಾಯುವವರೆಗೆ ಹಟ್ಟಿಯಲ್ಲಿಯೇ ಮೇವು ಹಾಕಿದರು.

ಕುದುರೆಯ ವಿಷಯಕ್ಕೆ ಬರೋಣ. ಆಗಿನ ದೊಡ್ಡ ವಾದ, ಇದು ಗಾಳಿಯ ದೋಷವೋ ಅಂಟುವ ಸೋಂಕೋ ಎಂಬುದು. ಹವೆ ಕೆಟ್ಟಿದೆ, ಇಡೀ ಖಂಡದ ಮೇಲೆ ಏನೋ ಕವಿದಿದೆ ಎಂಬ ಮತಕ್ಕೆ ಬಲವಿತ್ತು. ಇಲ್ಲದಿದ್ದರೆ ಇಷ್ಟು ಬೇಗ ಇಷ್ಟು ದೂರ ಹೇಗೆ ಹರಡೀತು? ಇದಕ್ಕೆ ಉತ್ತರ ಹುಡುಕಿದವರು ನ್ಯೂಯಾರ್ಕಿನ ವೈದ್ಯರಾದ ಅಡೊನಿರಾಮ್ ಜಡ್ಸನ್. ಯಾವ ಊರಿನಲ್ಲಿ ಯಾವ ದಿನ ಮೊದಲ ಕುದುರೆ ಕೆಮ್ಮಿತು ಎಂಬುದನ್ನು ಕಲೆಹಾಕಿ, ತಾರೀಖುಗಳನ್ನು ನಕ್ಷೆಗಳ ಮೇಲೆ ಗುರುತಿಸಿದರು. ಗಾಳಿಯಿಂದ ಬಂದಿದ್ದರೆ ಪಕ್ಕಪಕ್ಕದ ಊರುಗಳಿಗೆ ಒಟ್ಟಿಗೆ ಬರಬೇಕಿತ್ತು. ಹಾಗಾಗಿರಲಿಲ್ಲ. ರೋಗ ರೈಲು ಹಳಿಯ ಜಾಡು ಹಿಡಿದು ನಡೆದಿತ್ತು. ರೈಲಿನ ನಗರಕ್ಕೆ ಮೊದಲು, ಒಳಗಿನ ಹಳ್ಳಿಗೆ ಆಮೇಲೆ. ಅಂದರೆ ಮಾರಾಟಕ್ಕೂ ಕೆಲಸಕ್ಕೂ ಸಾಗಿಸಿದ ಕುದುರೆಗಳ ಜೊತೆಗೇ ಅದೂ ಪ್ರಯಾಣ ಮಾಡಿತ್ತು. ರೋಗಾಣುವನ್ನು ಯಾರೂ ಕಂಡಿರದ ಕಾಲದಲ್ಲಿ ಬರೀ ತಾರೀಖುಗಳಿಂದ ಈ ತೀರ್ಮಾನಕ್ಕೆ ಬಂದದ್ದು ಸಣ್ಣ ಕೆಲಸವಲ್ಲ. ದೊಡ್ಡರೋಗ ಎದ್ದ ಊರಿನ ದನವನ್ನು ನಮ್ಮೂರ ಕೆರೆಗೆ ನೀರಿಗೆ ಬಿಡಬಾರದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅವರ ಬಳಿ ನಕ್ಷೆ ಇರಲಿಲ್ಲ. (ಆ ದೊಡ್ಡರೋಗ ಭಾರತದಲ್ಲಿ 1995ರಲ್ಲಿ ಕೊನೆಯ ಬಾರಿ ಕಂಡಿತು. 2011ರಲ್ಲಿ ಇಡೀ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು.)

ವೈರಸ್ ಎಂಬುದು ಪ್ರಾಣಿಗಳಲ್ಲಿ ಮೊದಲು ಪತ್ತೆಯಾದದ್ದು 1898ರಲ್ಲಿ, ಮೇಲೆ ಹೇಳಿದ ಕಾಲುಬಾಯಿ ಜ್ವರದಲ್ಲಿಯೇ. ಕುದುರೆಯ ಫ್ಲೂ ವೈರಸ್ಸನ್ನು 1956ರಲ್ಲಿ ಪ್ರಾಗ್ ನಗರದಲ್ಲಿ ಹಿಡಿದರು. 1963ರಲ್ಲಿ ಮಯಾಮಿಯಲ್ಲಿ ಇನ್ನೊಂದು ಬಗೆ ಸಿಕ್ಕಿತು, ಲೋಕದಲ್ಲಿ ಈಗ ಓಡಾಡುತ್ತಿರುವುದು ಅದೇ. 1872ರದ್ದು ಯಾವುದೆಂದು ನೋಡಲು ಆ ಕಾಲದ ಮಾದರಿ ಉಳಿದಿಲ್ಲ. ಆದರೆ ಆ ಚಳಿಗಾಲದಲ್ಲಿಯೇ ಕೋಳಿ, ಟರ್ಕಿಗಳೂ ಗುಂಪುಗುಂಪಾಗಿ ಸತ್ತ ವರದಿಗಳಿವೆ. ವೈರಸ್ಸುಗಳ ವಂಶಾವಳಿ ಬಿಡಿಸಿದ ವಿಜ್ಞಾನಿಗಳು 2014ರಲ್ಲಿ, ಕುದುರೆಯ ಫ್ಲೂಗೂ ಹಕ್ಕಿಗಳ ಫ್ಲೂಗೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಿಕಟ ಸಂಬಂಧವಿದ್ದಿರಬೇಕೆಂದು ತೋರಿಸಿ, ಈ 1872ರ ಪಿಡುಗಿನ ಕಡೆಗೆ ಬೆರಳು ಮಾಡಿದರು.

ಕುದುರೆಯ ಜ್ವರ ಆಮೇಲೆಯೂ ನಿಂತಿಲ್ಲ. 1987ರಲ್ಲಿ ಭಾರತದಲ್ಲಿ ದೊಡ್ಡದಾಗಿ ಎದ್ದಿತು. 2007ರ ಆಗಸ್ಟಿನಲ್ಲಿ ಆಸ್ಟ್ರೇಲಿಯಕ್ಕೆ ಮೊದಲ ಬಾರಿ ಹೊಕ್ಕಾಗ, ಅಲ್ಲಿಯವರು ಕುದುರೆಗಳ ಓಡಾಟವನ್ನೇ ನಿಲ್ಲಿಸಿ ಲಸಿಕೆ ಹಾಕಿ ವರ್ಷದ ಕೊನೆಗೆ ಅಡಗಿಸಿದರು, ಜಡ್ಸನ್ ಅವರ ನಕ್ಷೆಯ ಪಾಠವೇ ಅದು. 2008ರಲ್ಲಿ ಮತ್ತೆ ಭಾರತದಲ್ಲಿ, ಜಮ್ಮುವಿನ ಕಟರಾದಲ್ಲಿ, ವೈಷ್ಣೋದೇವಿಯ ಬೆಟ್ಟಕ್ಕೆ ಯಾತ್ರಿಕರನ್ನು ಹೊರುವ ಕುದುರೆ, ಹೇಸರಗತ್ತೆಗಳಲ್ಲಿ ಕಾಣಿಸಿಕೊಂಡು ಅನೇಕ ರಾಜ್ಯಗಳಿಗೆ ಹರಡಿತು. ಅಲ್ಲಿಯೂ ಪ್ರಾಣಿ ಮಲಗಿದರೆ ಅದರ ಒಡೆಯನ ಅಂದಿನ ಕೂಲಿಗೆ ಕುತ್ತು.

ಇನ್ನೊಂದು ಮಾತು. 1872ರ ಅನುಭವದಿಂದ ಎಚ್ಚೆತ್ತ ಅಮೆರಿಕನ್ನರು ಕುದುರೆಯನ್ನು ಬಿಟ್ಟು ಯಂತ್ರ ಹಿಡಿದರು ಎಂದು ಕೆಲವರು ಬರೆಯುತ್ತಾರೆ. ಸಾನ್ ಫ್ರಾನ್ಸಿಸ್ಕೊದಲ್ಲಿ ಹಗ್ಗದಿಂದ ಎಳೆಯುವ ಕೇಬಲ್ ಕಾರು 1873ರಲ್ಲಿಯೇ ಓಡಿತು ನಿಜ. ಆದರೆ ಬಹುಪಾಲು ಊರುಗಳಲ್ಲಿ ಎತ್ತುಗಳು ಹಳ್ಳಿಗೆ ಮರಳಿದವು, ಕುದುರೆಗಳು ಅದೇ ಇಕ್ಕಟ್ಟಿನ ಲಾಯಗಳಿಗೆ ಮರಳಿದವು. ಅವುಗಳ ಸಂಖ್ಯೆ ಇಳಿಯಲಿಲ್ಲ, ಏರಿತು. 1915ರ ಸುಮಾರಿಗೆ ಈ ದೇಶದ ಕುದುರೆಗಳು 2 ಕೋಟಿ ದಾಟಿದ್ದವು. ನ್ಯೂಯಾರ್ಕಿನ ಕೊನೆಯ ಕುದುರೆ ಟ್ರಾಮು ನಿಂತದ್ದು 1917ರಲ್ಲಿ.