‘ನಾಳೆ ಬನ್ನಿ’ಗೆ ಬಿದ್ದ ಗಡುವು

ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ‘ನಾಳೆ ಬನ್ನಿ’ ಎಂಬ ಮಾತು ಹೊಸದಲ್ಲ. ಆ ನಾಳೆಗೆ ಕರ್ನಾಟಕ ಗಡುವು ಹಾಕಿದ್ದು ‘ಸಕಾಲ’ ಯೋಜನೆಯ ಮೂಲಕ.

ಇದರ ಬೆನ್ನಿಗಿದ್ದುದು 2011ರ ಸೇವಾ ಖಾತರಿ ಕಾಯ್ದೆ. ಆದರೆ ಅದನ್ನು ಒಮ್ಮೆಲೇ ಇಡೀ ನಾಡಿಗೆ ಅನ್ವಯಿಸಲಿಲ್ಲ. 2012ರ ಮಾರ್ಚ್‌ನಲ್ಲಿ ಔರಾದ್, ಧಾರವಾಡ, ಚಿತ್ರದುರ್ಗ ಹಾಗೂ ಪುತ್ತೂರು ತಾಲ್ಲೂಕುಗಳಲ್ಲಿ ಮೊದಲು ಪ್ರಯೋಗ ನಡೆಯಿತು. ಏಪ್ರಿಲ್ 2ರಂದು 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಜಾರಿಗೆ ಬಂತು. ಅರ್ಜಿ ಕೊಟ್ಟವರಿಗೆ ಸ್ವೀಕೃತಿ ಸಂಖ್ಯೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ.

ಚಿಕ್ಕದಾಗಿ ಆರಂಭಿಸಬೇಕು, ಬಳಸುವವರ ಮಾತು ಕೇಳಬೇಕು, ತಿದ್ದಿಕೊಂಡು ಮುಂದೆ ಸಾಗಬೇಕು. ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಈ ಕ್ರಮಕ್ಕೆ ‘ಅಜೈಲ್’ ಎಂದು ಹೆಸರು. 2001ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೇರಿದ 17 ಮಂದಿ ಅದರ ಪ್ರಣಾಳಿಕೆ ಬರೆದರು. ನಾಲ್ಕು ತಾಲ್ಲೂಕುಗಳಿಂದ ಹೊರಟ ಸಕಾಲದ ಮೊದಲ ಹೆಜ್ಜೆ ಅದಕ್ಕೆ ಹತ್ತಿರವಾದುದೇ.

ಆದರೆ ಒಂದು ಅಂತರ ಉಂಟು. ಅಜೈಲ್ ಕ್ರಮದಲ್ಲಿ ಕೆಲಸದ ಬೆಲೆ ಕಟ್ಟುವುದು ಅದನ್ನು ಬಳಸುವವನು. ಕಚೇರಿಯ ಲೆಕ್ಕದಲ್ಲಾದರೋ ಗಡುವಿನೊಳಗೆ ತಿರಸ್ಕರಿಸಿದ ಅರ್ಜಿಯೂ ‘ವಿಲೇವಾರಿ’ಯೇ. ದಿನಗಳನ್ನು ಎಣಿಸುವುದನ್ನು ಆಡಳಿತ ಕಲಿತಿದೆ. ಬರಿಗೈಯಲ್ಲಿ ಮರಳಿದವನನ್ನೂ ಎಣಿಸಿದಾಗಲೇ ಸುಧಾರಣೆಯ ಲೆಕ್ಕ ಪೂರ್ಣವಾದೀತು.