ಕಬ್ಬಿನ ಸೀಮೆಯಲ್ಲಿ ಮಧುಮೇಹ

ಉರಿಯೂತ ಎಂಬುದು ಕನ್ನಡದ ಒಳ್ಳೆಯ ಪಾರಿಭಾಷಿಕ ಪದಗಳಲ್ಲಿ ಒಂದು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಕೆಂಪು, ಊತ, ಬಿಸಿ, ನೋವು ಎಂದು ಅದರ ನಾಲ್ಕು ಲಕ್ಷಣಗಳನ್ನು ಹೇಳಿದ. ನಮ್ಮ ಪದ ಅವುಗಳಲ್ಲಿ ಎರಡನ್ನು ಒಂದೇ ಉಸಿರಿಗೆ ಹೇಳಿಬಿಡುತ್ತದೆ. ಆದರೆ ನಡುವಯಸ್ಸು ದಾಟಿದವರ ಮಧುಮೇಹವನ್ನು ಕುರಿತು ಇಂದಿನ ವೈದ್ಯರು ಮಾತನಾಡುವ ಉರಿಯೂತದಲ್ಲಿ ಈ ನಾಲ್ಕರಲ್ಲಿ ಒಂದೂ ಕಣ್ಣಿಗೆ ಬೀಳದು. ಅದು ಬೂದಿ ಮುಚ್ಚಿದ ಕೆಂಡ. ಅದು ನಮ್ಮ ಸೀಮೆಯನ್ನು ಹೊಕ್ಕ ಬಗೆಯನ್ನು ಹೇಳಬೇಕೆಂದು ನನ್ನ ಉದ್ದೇಶ.

ನನ್ನ ಊರು ಹುಕ್ಕೇರಿ ತಾಲ್ಲೂಕಿನ ನಿಡಸೋಸಿ. ದುರದುಂಡೀಶ್ವರ ಮಠದಿಂದ ಹೆಸರಾದ ಊರು. 1996ರಲ್ಲಿ ಇಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜಿನ ಹೆಸರಿನಲ್ಲೂ ಸಕ್ಕರೆಯಿದೆ: ಹಿರಾಶುಗರ್. ಹತ್ತಿರದ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ. ಅತ್ತ ಗೋಕಾವಿಯಲ್ಲಿ ಕರದಂಟು. ಆ ಕರಿದ ಅಂಟು ಮೂಲದಲ್ಲಿ ಬಾಣಂತಿಯರಿಗೆ ಬಲ ಬರಲೆಂದು ಕೊಡುವ ತಿನಿಸಿನ ಜಾತಿಯದು; ಈಗ ಅದನ್ನು ತಿನ್ನಲು ಯಾರೂ ಹಡೆಯಬೇಕಾಗಿಲ್ಲ.

ರೋಗವೇನೂ ಹೊಸದಲ್ಲ. ಸುಶ್ರುತನು ಮೇಹದ ಒಂದು ಬಗೆಯನ್ನು ಇಕ್ಷುಮೇಹವೆಂದೇ ಕರೆದ, ಇಕ್ಷುವೆಂದರೆ ಕಬ್ಬು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕಸಂಹಿತೆ ಮುನ್ಸೂಚನೆಯೆಂದು ಗುರುತಿಸಿತು. ಕಾರಣಗಳ ಸಾಲಿನಲ್ಲಿ ಅದು ಎಣಿಸುವುದು ಕುಳಿತಿರುವ ಸುಖ, ನಿದ್ರೆಯ ಸುಖ, ಮೊಸರು, ಹೊಸ ಧಾನ್ಯ, ಬೆಲ್ಲದ ಪದಾರ್ಥಗಳು. ಪಥ್ಯದಲ್ಲಿ ಜವೆಗೋಧಿಗೆ ಅಗ್ರಸ್ಥಾನ. ಊಟಕ್ಕೆ ಮೊದಲು ಕುಳಿತಿರುವುದನ್ನು ಹೆಸರಿಸಿದ ಆ ವೈದ್ಯನಿಗೆ, ಮೂವತ್ತು ವರ್ಷ ಕುಳಿತು ಪಾಠ ಹೇಳಿದ ನಾನು ನಮಸ್ಕರಿಸುತ್ತೇನೆ.

ಉರಿಯೂತದ ಎಳೆ ಸಿಕ್ಕಿದ್ದು ಜರ್ಮನಿಯಲ್ಲಿ. 1876ರಲ್ಲಿ ವಿಲ್‌ಹೆಲ್ಮ್ ಎಬ್‌ಸ್ಟೈನ್ ಎಂಬ ವೈದ್ಯ, ಸಂಧಿವಾತಕ್ಕೆ ಕೊಡುತ್ತಿದ್ದ ಸೋಡಿಯಂ ಸ್ಯಾಲಿಸಿಲೇಟ್ ಕೆಲವು ಮಧುಮೇಹಿಗಳ ಮೂತ್ರದ ಸಕ್ಕರೆಯನ್ನೂ ಇಳಿಸುತ್ತದೆಂದು ಬರೆದ. ಊತ ಇಳಿಸುವ ಮದ್ದು ಸಕ್ಕರೆಯನ್ನೇಕೆ ಇಳಿಸಬೇಕು? 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ದೊರೆತ ಮೇಲೆ ಜಗತ್ತಿನ ಗಮನವೆಲ್ಲ ಅತ್ತ ಹರಿದು, ಈ ಪ್ರಶ್ನೆ ಮೂಲೆಗೆ ಬಿತ್ತು. (ಇದನ್ನು ಕೇಳಿ ಯಾರೂ ಮನೆಯಲ್ಲಿರುವ ಆಸ್ಪಿರಿನ್ ಗುಳಿಗೆ ನುಂಗಲು ಹೋಗಬಾರದು.) 1993ರಲ್ಲಿ ಹೋತಮಿಸ್ಲಿಗಿಲ್ ಮತ್ತು ಸಂಗಡಿಗರು ಬೊಜ್ಜು ಬೆಳೆದ ಇಲಿಗಳ ಕೊಬ್ಬಿನಲ್ಲೇ ಉರಿಯೂತದ ರಾಸಾಯನಿಕವೊಂದು ಹುಟ್ಟಿ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುವುದನ್ನು ತೋರಿಸಿದರು. ಆಗ ಹಳೆಯ ಪ್ರಶ್ನೆಗೆ ಮತ್ತೆ ಜೀವ ಬಂತು. ಇನ್ಸುಲಿನ್ ಬಾಗಿಲು ತಟ್ಟುತ್ತದೆ, ಒಳಗಿನವರಿಗೆ ಕೇಳಿಸದು. ವಯಸ್ಸಾದಂತೆ ಮಾಂಸಖಂಡ ಕರಗಿ ಹೊಟ್ಟೆಯ ಕೊಬ್ಬು ಕೂಡುವುದರಿಂದ ಈ ಕಿವುಡು ಹೆಚ್ಚುತ್ತದೆ. ಸಕ್ಕರೆ, ಮೈದಾ, ಕರಿದ ತಿಂಡಿ ಹೆಚ್ಚಾಗಿರುವ ಊಟ ಕೆಂಡಕ್ಕೆ ಗಾಳಿ ಊದುತ್ತದೆ. ನಾರುಳ್ಳ ಧಾನ್ಯ, ಕಾಳು, ಸೊಪ್ಪು ಅದನ್ನು ತಣಿಸುತ್ತವೆ ಎನ್ನುತ್ತಾರೆ. ಇಂಥ ಊಟಕ್ಕೂ ರೋಗಕ್ಕೂ ಕಂಡಿರುವ ನಂಟು ಬಹುಮಟ್ಟಿಗೆ ಜನರನ್ನು ಗಮನಿಸಿ ಗುರುತಿಸಿದ್ದು. ಊಟವೊಂದೇ ಕಾರಣವೆಂದು ಅದರಿಂದ ಸಾಧಿಸಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾದಾಗ ದೇಶದ ಮಧುಮೇಹಿಗಳ ಅಂದಾಜು ಸಂಖ್ಯೆ 10.1 ಕೋಟಿ.

ನನ್ನ ಅವ್ವನ ಕಾಲದ ತಾಟನ್ನು ನೆನೆಯುತ್ತೇನೆ: ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಮಜ್ಜಿಗೆ. ಹೋಳಿಗೆ ಹಬ್ಬಕ್ಕೆ ಮಾತ್ರ. ಈ ಸೀಮೆಗೆ ನೀರು ಬಂದದ್ದು ಹಂತಹಂತವಾಗಿ. 1897ರಲ್ಲಿ ಧೂಪದಾಳದ ಒಡ್ಡು, 1977ರಲ್ಲಿ ಹಿಡಕಲ್ ಜಲಾಶಯ ಘಟಪ್ರಭೆಯನ್ನು ಹೊಲಗಳಿಗೆ ತಿರುಗಿಸಿದವು. ನಮ್ಮಂಥವರ ಹೊಲಕ್ಕೆ ಬಾವಿಯ ಪಂಪು ಬಂತು. ನೀರು ಬಂದಲ್ಲಿ ಕಬ್ಬು ಬಂತು, ಕಬ್ಬಿನಿಂದ ಹಣ, ಹಣದಿಂದ ಟ್ರ್ಯಾಕ್ಟರು. ನೀರನ್ನು ದೂರಲಾರೆ, ನನ್ನನ್ನು ಧಾರವಾಡಕ್ಕೆ ಎಂ.ಎ. ಓದಲು ಕಳಿಸಿದ್ದು ಆ ಕಬ್ಬಿನ ದುಡ್ಡೇ. ಬದಲಾದದ್ದು ತಾಟು. ಜೋಳ ಸರಿದು ಗೋಧಿ, ಅಕ್ಕಿ ಬಂದವು; ದಿನಕ್ಕೆ ಆರು ಸಲ ಚಹ, ಸಂಜೆಗೆ ಭಜಿ.

ನನ್ನ ಅಣ್ಣ ಎತ್ತಿನ ಬೆನ್ನ ಹಿಂದೆ ನಡೆದಿರುವವರೆಗೆ ಗಾಣದ ಮನೆಯ ಬಿಸಿ ಬೆಲ್ಲ ತಿಂದು ಅರಗಿಸಿಕೊಂಡವನು. ಎತ್ತು ಹೋದವು, ಬೆಲ್ಲ ನಿಲ್ಲಲಿಲ್ಲ. ಐವತ್ತೆರಡಕ್ಕೆ ರೋಗ ಗೊತ್ತಾಯಿತು. ನಾನು ಪಥ್ಯದ ಮಾತೆತ್ತಿದಾಗ, "ತಮ್ಮಾ, ಬೆಲ್ಲ ನಮ್ಮ ಹೊಲದ್ದೈತಿ. ಅದು ನಮಗ ಏನ್ ಮಾಡತೈತಿ?" ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನನಗೂ ಅದೇ ರೋಗ ಬಂದದ್ದು ಮೂರು ವರ್ಷದ ಮೇಲೆ. ಅಷ್ಟರಲ್ಲಿ ಅವನ ಎಡಗಾಲಿನ ಎರಡು ಬೆರಳು ಹೋಗಿದ್ದವು.

ಕಳೆದ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಅಣ್ಣನ ಸೊಸೆ ಇಬ್ಬರಿಗೂ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅಣ್ಣ ರೊಟ್ಟಿ ಮುರಿಯುತ್ತ, ಜೋಳ ಎಲ್ಲಿಯದೆಂದು ಕೇಳಿದ. "ಸಂಕೇಶ್ವರದ ಪ್ಯಾಟ್ಯಾಗ ತಂದೇವ್ರಿ ಮಾವಾ, ವಿಜಾಪುರದ ಕಡೆದಂತ" ಎಂದಳು. ಹೊರಗೆ ನಮ್ಮ ಹೊಲದ ಕಬ್ಬು ಹೇರಿಕೊಂಡು ಟ್ರ್ಯಾಕ್ಟರು ಕಾರ್ಖಾನೆಯತ್ತ ಹೊರಟಿತ್ತು.