ಗಿರಣಿಯ ಸರದಿ ಮತ್ತು ಗಣಿತದ ಹಾದಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಸಿಂಧನೂರು, ಮಸ್ಕಿ, ಬಳಗಾನೂರು ಸೀಮೆಯಲ್ಲಿ ಸುಗ್ಗಿ ಬಂತೆಂದರೆ ಭತ್ತ ಒಮ್ಮೆಲೇ ಮಾರುಕಟ್ಟೆಗೂ ಗಿರಣಿಗೂ ನುಗ್ಗುತ್ತದೆ. ಕುಚ್ಚಲಕ್ಕಿ ಮಾಡುವ ಗಿರಣಿಯಲ್ಲಿ ಪ್ರತಿ ಲಾಟೂ ನೆನೆಸುವ ತೊಟ್ಟಿ, ಹಬೆ, ಡ್ರೈಯರ್, ಹೊಟ್ಟು ಸುಲಿಯುವ ಯಂತ್ರ, ಪಾಲಿಶ್ ಎಂಬ ಕ್ರಮದಲ್ಲೇ ಸಾಗಬೇಕು. ಯಾವ ಲಾಟು ಮೊದಲು, ಯಾವುದು ಆಮೇಲೆ? ಹತ್ತು ಲಾಟುಗಳನ್ನು 36,28,800 ಬಗೆಯಲ್ಲಿ ಸಾಲುಗಟ್ಟಿಸಬಹುದು. ಇಂಥ ಪ್ರಶ್ನೆಗೆ ಗಣಿತ ಏಳು ದಶಕಗಳಿಂದ ಉತ್ತರ ಹುಡುಕುತ್ತಿದೆ. ಆ ಹುಡುಕಾಟ ಕಲಿಸುವ ಮುಖ್ಯ ಪಾಠವೆಂದರೆ, ಸರಳ ಸೂತ್ರವನ್ನು ಸ್ಥಳದ ಕಟ್ಟುಪಾಡುಗಳೊಂದಿಗೆ ಬೆಸೆದಾಗಲೇ ಫಲ ಹೆಚ್ಚು.

1954ರಲ್ಲಿ ಗಣಿತಜ್ಞ ಎಸ್. ಎಂ. ಜಾನ್ಸನ್ ಎರಡು ಯಂತ್ರಗಳ ಸಾಲಿಗೆ ಖಚಿತ ಸೂತ್ರ ಕೊಟ್ಟರು: ಮೊದಲ ಯಂತ್ರದಲ್ಲಿ ಬೇಗ ಮುಗಿಯುವ ಕೆಲಸ ಮುಂದಕ್ಕೆ, ಎರಡನೆಯದರಲ್ಲಿ ಬೇಗ ಮುಗಿಯುವುದು ಹಿಂದಕ್ಕೆ. ಒಂದು ಲಾಟಿಗೆ ಡ್ರೈಯರಿನಲ್ಲಿ 4, ಸುಲಿಯಲು 7 ಗಂಟೆ. ಇನ್ನೊಂದಕ್ಕೆ 8 ಮತ್ತು 5 ಗಂಟೆ ಎಂದು ಹಿಡಿಯೋಣ. ಮೊದಲನೆಯದನ್ನು ಮುಂದೆ ಬಿಟ್ಟರೆ ಎಲ್ಲವೂ 17 ಗಂಟೆಗೆ ಮುಗಿಯುತ್ತದೆ, ಸರದಿ ತಿರುಗಿಸಿದರೆ 20 ಗಂಟೆ. ಹೊಸ ಯಂತ್ರವಿಲ್ಲ, ಹೆಚ್ಚು ಆಳಿಲ್ಲ. ಆದರೂ ಮೂರು ಗಂಟೆ ಉಳಿಯಿತು. ಆದರೆ ಯಂತ್ರಗಳು ಮೂರಾದರೂ ಸಾಕು, ಸಮಸ್ಯೆ ಅತಿ ಕಠಿಣ ವರ್ಗಕ್ಕೆ ಸೇರುತ್ತದೆಂದು 1976ರಲ್ಲಿ ಗ್ಯಾರಿ, ಜಾನ್ಸನ್ (ಈತ ಬೇರೆ ಜಾನ್ಸನ್), ಸೇಥಿ ಸಾಧಿಸಿದರು. ಹೀಗಾಗಿ ಪರಮೋತ್ತಮದ ಖಾತ್ರಿ ಬಿಟ್ಟು, ಬೇಗ ಒಳ್ಳೆಯ ಉತ್ತರ ಕೊಡುವ ಹ್ಯೂರಿಸ್ಟಿಕ್ ವಿಧಾನಗಳಿಗೆ ಬೆಲೆ ಬಂತು. 1983ರಲ್ಲಿ ನವಾಜ್, ಎನ್ಸ್‌ಕೋರ್, ಹ್ಯಾಮ್ ರೂಪಿಸಿದ ವಿಧಾನ ಅವುಗಳಲ್ಲಿ ಹೆಸರುವಾಸಿ: ಒಟ್ಟು ಹೆಚ್ಚು ಹೊತ್ತು ಹಿಡಿಯುವ ಕೆಲಸದಿಂದ ಆರಂಭಿಸಿ, ಮುಂದಿನ ಒಂದೊಂದನ್ನೂ ಸಾಲಿನಲ್ಲಿ ಅತಿ ಕಡಿಮೆ ಸಮಯ ತಗಲುವ ಜಾಗಕ್ಕೆ ಸೇರಿಸುತ್ತ ಹೋಗುವುದು.

ಆಮೇಲೆ ನಿಸರ್ಗದಿಂದ ಎರವಲು ಪಡೆದ ವಿಧಾನಗಳು ಬಂದವು. ಹಾಲೆಂಡ್ ಎಂಬ ಸಂಶೋಧಕ 1975ರಲ್ಲಿ ವಿವರಿಸಿದ, ಜೀವವಿಕಾಸವನ್ನು ಅನುಕರಿಸುವ ಜೆನೆಟಿಕ್ ಅಲ್ಗಾರಿದಮ್, 1983ರಲ್ಲಿ ಕಿರ್ಕ್‌ಪ್ಯಾಟ್ರಿಕ್ ಮತ್ತು ಸಂಗಡಿಗರು ಲೋಹ ಹದಗೊಳ್ಳುವ ಬಗೆಯಿಂದ ತೆಗೆದ ವಿಧಾನ, 1992ರಲ್ಲಿ ಡೊರಿಗೊ ಅವರ ಇರುವೆ ಸಾಲಿನ ವಿಧಾನ ಇವೆಲ್ಲ ಸರದಿ ಸಮಸ್ಯೆಗೂ ಒದಗಿದವು. ಆದರೆ ಯಾವ ವಿಧಾನವೂ ಎಲ್ಲ ಸಮಸ್ಯೆಗಳಲ್ಲಿ ಮೇಲುಗೈ ಸಾಧಿಸಲಾರದೆಂದು 1997ರಲ್ಲಿ ವೋಲ್ಪರ್ಟ್, ಮೆಕ್ರೀಡಿ ತೋರಿಸಿದರು. 2007ರಲ್ಲಿ ರೂಯಿಸ್, ಸ್ಟುಟ್ಸ್ಲೆ ಸಾಲಿನಿಂದ ಕೆಲವು ಕೆಲಸಗಳನ್ನು ಕಿತ್ತು, ನವಾಜ್ ಮತ್ತು ಸಂಗಡಿಗರ ಸೇರಿಸುವ ಸೂತ್ರದಿಂದಲೇ ಮತ್ತೆ ಜೋಡಿಸುವ ಸರಳ ವಿಧಾನದಿಂದ ಜಟಿಲ ಪೈಪೋಟಿದಾರರನ್ನು ಸರಿಗಟ್ಟಿದರು.

ಅನುಭವಿ ಮೇಸ್ತ್ರಿ ಇರುವಾಗ ಲೆಕ್ಕವೇಕೆ ಎನ್ನುವವರಿದ್ದಾರೆ. ನೆನೆದ ಭತ್ತ ಹೆಚ್ಚು ಹೊತ್ತು ನಿಂತರೆ ವಾಸನೆ ಹಿಡಿಯುತ್ತದೆ, ಕರೆಂಟು ಹೋದರೆ ಸರದಿಯೆಲ್ಲ ತಲೆಕೆಳಗಾಗುತ್ತದೆ. ಇದನ್ನು ಬಲ್ಲವರು ಮೇಸ್ತ್ರಿಯೇ, ಒಪ್ಪಬೇಕು. ಆದರೆ ಲಕ್ಷಗಟ್ಟಲೆ ಸಾಲುಗಳನ್ನು ತೂಗಿ ನೋಡುವುದು ಮನುಷ್ಯನ ತಲೆಗೆ ಮೀರಿದ್ದು. ಕಂಪ್ಯೂಟರ್ ವೇಗ ಹೆಚ್ಚಿದೆ, ಪರಮೋತ್ತಮವನ್ನೇ ಹುಡುಕಬಹುದಲ್ಲ ಎಂಬ ಮಾತೂ ಚಿಕ್ಕ ಸಮಸ್ಯೆಗಳ ಮಟ್ಟಿಗೆ ನಿಜ. ಆದರೆ ತೇವಾಂಶ ಏರಿಳಿಯುವ ಭತ್ತಕ್ಕೆ ಬೆಳಿಗ್ಗೆಯ ಪರಮೋತ್ತಮ ಮಧ್ಯಾಹ್ನಕ್ಕೆ ಹಳಸುತ್ತದೆ. ಕ್ಷಣದಲ್ಲಿ ಮತ್ತೆ ಲೆಕ್ಕ ಹಾಕಬಲ್ಲ ವಿಧಾನವೇ ಅಲ್ಲಿ ನಡೆಯುವುದು. ಆದ್ದರಿಂದ ಗಿರಣಿಗಳು ದುಬಾರಿ ತಂತ್ರಾಂಶ ಕೊಳ್ಳುವ ಮುನ್ನ ಪ್ರತಿ ಲಾಟು ಪ್ರತಿ ಹಂತದಲ್ಲಿ ಹಿಡಿಯುವ ಹೊತ್ತನ್ನು ಬರೆದಿಡಲಿ, ಮೇಸ್ತ್ರಿ ಹೇಳುವ ಕಟ್ಟುಪಾಡುಗಳನ್ನು ಸೂತ್ರದೊಳಗೆ ಸೇರಿಸಲಿ.